ಕೊಯ್ಯುವ ಕೈ, ಬರೆಯುವ ಕೈ

ಹೆಣ ಕೊಯ್ಯುವುದನ್ನು ನನಗೆ ಕಲಿಸಿದ್ದು ಡಾಕ್ಟರಲ್ಲ, ನನ್ನಪ್ಪ. ಶಾಲೆಯಲ್ಲಿ ಓದುವಾಗ ಅವನ ಊಟದ ಡಬ್ಬಿ ಕೊಡಲು ಆಸ್ಪತ್ರೆಯ ಹಿಂದಿನ ಶವಾಗಾರಕ್ಕೆ ಹೋಗುತ್ತಿದ್ದೆ. ಅವನು ಚಾಕು ಕೆಳಗಿಡದೆಯೇ ಹೇಳುತ್ತಿದ್ದ: “ಗದ್ದದ ಕೆಳಗಿಂದ ಶುರು. ನೆಟ್ಟಗೆ ಇಳೀಬೇಕು. ಹೊಕ್ಕುಳ ಬಂದಾಗ ಎಡಕ್ಕೆ ಸುತ್ತಿ ಹೋಗು. ಅದನ್ನ ಕೊಯ್ದ್ರೆ ಹೊಲಿಗೆ ನಿಲ್ಲಲ್ಲ.” ಪ್ರತಿ ಹೆಣದ ಮುಂದೆಯೂ ಒಂದು ಗಳಿಗೆ ನಿಂತು, “ಸ್ವಲ್ಪ ತಡ್ಕೊಳಪ್ಪ, ಬೇಗ ಮುಗಿಸ್ತೀನಿ” ಎನ್ನುತ್ತಿದ್ದ. ಕುಡಿಯದೆ ಒಂದು ದಿನವೂ ಒಳಗೆ ಹೋದವನಲ್ಲ. ಆ ಕುಡಿತವೇ ಅವನನ್ನು ತಿಂದಿತು.

ಅವನು ಸತ್ತಾಗ ನನಗೆ ಹತ್ತೊಂಬತ್ತು. ಹನ್ನೆರಡನೇ ತರಗತಿಯ ವಿಜ್ಞಾನ ಮುಗಿಸಿದ್ದೆ, ಶಾಲೆಗೇ ಎರಡನೆಯವಳಾಗಿ. ತಿಂಗಳು ತುಂಬುವ ಮೊದಲೇ ಆಸ್ಪತ್ರೆಯ ಗುಮಾಸ್ತ ಮನೆಗೆ ಬಂದ. ಹೊಸ್ತಿಲು ದಾಟಲಿಲ್ಲ.

“ಅಪ್ಪನ ಕೆಲಸ ಮಗಳಿಗೆ ಸಿಗುತ್ತೆ. ಬೇಕಂದ್ರೆ ನಾಳೆಯಿಂದಲೇ ಬರ್ಲಿ” ಎಂದ.

“ಓದಿದಾಳೆ ಸಾರ್. ಆಫೀಸಲ್ಲಿ ಫೈಲ್ ಎತ್ತಿಡೋ ಕೆಲಸ ಆದ್ರೂ ಕೊಡಿ” ಎಂದಳು ಅಮ್ಮ.

“ಯಾಕೆ, ನಿನ್ನ ಗಂಡ ಆಫೀಸಲ್ಲಿದ್ನಾ?”

ಅಷ್ಟೇ ಮಾತು. ಮರುದಿನ ಅಪ್ಪನ ರಬ್ಬರ್ ಬೂಟಿಗೆ ಹಳೆ ಬಟ್ಟೆ ತುರುಕಿ ಹಾಕಿಕೊಂಡು ಹೋದೆ. ಹಾಗೆ ಹಿಡಿದ ಚಾಕುವನ್ನು ಇಪ್ಪತ್ತೆರಡು ವರ್ಷ ಬಿಡಲಿಲ್ಲ.

ಹೆಣ ಭಾರ. ಬದುಕಿದ್ದವರನ್ನು ಎತ್ತುವಾಗ ಸ್ವಲ್ಪ ಅವರೂ ಏಳುತ್ತಾರೆ. ಸತ್ತವರು ಏಳುವುದಿಲ್ಲ. ಒಬ್ಬಳೇ ತೋಳಿನ ಕೆಳಗೆ ಕೈ ಹಾಕಿ ಮೇಜಿಗೆ ಎಳೆಯಬೇಕು. ತಲೆಬುರುಡೆಯನ್ನು ಗರಗಸದಿಂದ ಸುತ್ತ ಕೊಯ್ದು ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಬೇಕು. ಆ ಸದ್ದು ಹಲ್ಲಿನೊಳಗೆ ಕೂರುತ್ತದೆ. ಆಮೇಲೆ ಎಲ್ಲವನ್ನೂ ಒಳಗಿಟ್ಟು ಗೋಣಿ ಹೊಲಿಯುವ ಸೂಜಿಯಲ್ಲಿ ಹೊಲಿಯಬೇಕು. ತೊಳೆಯಬೇಕು. ಕೂದಲು ಬಾಚಬೇಕು. ಅದನ್ನು ಯಾರೂ ಮಾಡು ಎಂದಿರಲಿಲ್ಲ. ಅಪ್ಪ ಮಾಡುತ್ತಿದ್ದ, ನಾನೂ ಮಾಡಿದೆ.

ಈ ಕೆಲಸ ಡಾಕ್ಟರದ್ದು. ಕಾಗದದಲ್ಲಿ ಹಾಗೇ ಇದೆ. ಆ ವಿಭಾಗದ ದೊಡ್ಡ ಡಾಕ್ಟರು ಬರುತ್ತಿದ್ದರು ಕೂಡ. ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಎಡಗೈಯಲ್ಲಿ ಅತ್ತರು ಹಾಕಿದ ಕರವಸ್ತ್ರ, ಬಲಗೈಯಲ್ಲಿ ಪೆನ್ನು. ಒಳಗೆ ಒಂದು ಹೆಜ್ಜೆ ಇಟ್ಟವರಲ್ಲ. ನಾವು ಅವರಿಗೆ ಬಾಗಿಲು ಡಾಕ್ಟರು ಎಂದೇ ಹೆಸರಿಟ್ಟಿದ್ದೆವು. ಅವರು “ಪಿತ್ತಕೋಶ?” ಎಂದು ಕೂಗುತ್ತಿದ್ದರು. ನಾನು ಕೈಯಲ್ಲಿ ಹಿಡಿದು ನೋಡಿ, “ಊದಿದೆ ಸಾರ್” ಎನ್ನುತ್ತಿದ್ದೆ. ಅವರು ಬರೆಯುತ್ತಿದ್ದರು. “ಶ್ವಾಸಕೋಶ?” “ನೀರು ತುಂಬಿದೆ ಸಾರ್.” ಬರೆಯುತ್ತಿದ್ದರು. ಕೆಳಗೆ ಸಹಿ ಅವರದು. ಕೊಯ್ಯುವ ಕೈಗೆ ಸಹಿ ಇಲ್ಲ.

ಹೊರಗೆ ನಾನು ‘ಹೆಣದಮ್ಮ’. ಅಂಗಡಿಯವನು ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದ. ಬಸ್ಸಿನಲ್ಲಿ ಪಕ್ಕದವರು ಮೂಗು ಎಳೆದು ಎದ್ದು ಹೋಗುತ್ತಿದ್ದರು. ಮದುವೆಯೂ ಆಗಿತ್ತು, ಎಂಟು ತಿಂಗಳು. “ನೀನು ಬಡಿಸಿದ್ರೆ ಊಟ ಗಂಟಲಲ್ಲಿ ಇಳಿಯಲ್ಲ” ಎಂದು ಅವನು ಹೊರಟುಹೋದ. ಹೋಗುವಾಗ ನಾನು ಬಡಿಸಿದ್ದನ್ನು ಉಂಡೇ ಹೋದ ಎನ್ನುವುದು ಬೇರೆ ಮಾತು.

ಒಂದು ವರ್ಷ ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆಗೆ ಇದ್ದ ವಯಸ್ಸಿನ ಮಿತಿಯನ್ನು ತೆಗೆದುಹಾಕಿದರು. ಒಬ್ಬ ಕಿರಿಯ ಡಾಕ್ಟರು ಪೇಪರು ಓದುತ್ತಾ, “ಅಕ್ಕ, ಇನ್ನು ನೀನೂ ಡಾಕ್ಟರಾಗಬಹುದು ನೋಡು” ಎಂದು ನಕ್ಕರು. ಅವರಿಗೆ ಅದು ತಮಾಷೆ. ನಾನು ನಗಲಿಲ್ಲ. ಹಳೆ ಪುಸ್ತಕ ತಂದೆ. ಒಂದು ಹೆಣಕ್ಕೂ ಇನ್ನೊಂದು ಹೆಣಕ್ಕೂ ನಡುವೆ, ಕೈ ತೊಳೆದು, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಓದಿದೆ. ಎರಡು ಸಲ ಫೇಲಾದೆ. ಮೂರನೇ ಸಲ ಸೀಟು ಸಿಕ್ಕಿತು. ಅದೇ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಅರವತ್ತೈದರ ಅಮ್ಮ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಮತ್ತೆ ಸೇರಿದಳು. “ಮಗಳು ಕೂಸಾಗಿದ್ದಾಗಲೂ ಒಗೆದೆ, ಈಗ ಶಾಲೆಗೆ ಹೋಗ್ತಾಳೆ, ಈಗಲೂ ಒಗೀತೀನಿ” ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮೊದಲ ದಿನ ಕಾಲೇಜಿನ ಕಾವಲುಗಾರ ನನ್ನನ್ನು ತಡೆದ. ವರ್ಷಗಟ್ಟಲೆ ನನ್ನನ್ನು ಕಂಡವನು.

“ಇದೇನಮ್ಮ, ಈ ಕಡೆ? ಹಿಂದಿನ ಗೇಟು ಮರೆತುಹೋಯ್ತಾ?”

ನಾನು ಗುರುತಿನ ಚೀಟಿ ತೋರಿಸಿದೆ. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿದ. ಫೋಟೋ ನೋಡಿದ, ಮುಖ ನೋಡಿದ. “ಕಲಿಗಾಲ” ಎಂದು ಬಿಟ್ಟ.

ತರಗತಿಯಲ್ಲಿ ನೂರೈವತ್ತು ಮಕ್ಕಳು. ಎಲ್ಲರಿಗೂ ಹದಿನೆಂಟು, ಹತ್ತೊಂಬತ್ತು. ಎರಡು ದಿನ ಎಲ್ಲರೂ ‘ಆಂಟಿ, ಆಂಟಿ’ ಎಂದು ಸುತ್ತಿಕೊಂಡರು. ಮೂರನೇ ದಿನ ನಮ್ಮನ್ನು ಅನಾಟಮಿ ಹಾಲಿಗೆ ಕರೆದುಕೊಂಡು ಹೋದರು. ಒಂದು ಮೇಜಿಗೆ ಎಂಟು ಜನ. ಬಟ್ಟೆ ಸರಿಸಿದ ಕೂಡಲೇ ಒಬ್ಬ ಹುಡುಗ ಕುಸಿದು ಬಿದ್ದ. ಇಬ್ಬರು ಹೊರಗೆ ಓಡಿದರು. ನನಗೆ ಮಾತ್ರ ಮನೆಗೆ ಬಂದ ಹಾಗಿತ್ತು. ಮೇಷ್ಟರು ನನ್ನ ಕೈಗೆ ಚಾಕು ಕೊಟ್ಟರು. ಎದೆಯ ಚರ್ಮವನ್ನು ಒಂದೇ ಎಳೆತಕ್ಕೆ ಬಿಡಿಸಿದೆ, ಕೆಳಗಿನ ಪದರಕ್ಕೆ ಗೀರು ಬೀಳದ ಹಾಗೆ.

“ಅರೆ! ಎಲ್ಲಿ ಕಲಿತ್ರಿ?” ಎಂದರು ಮೇಷ್ಟರು.

“ಹಿಂದಿನ ಶವಾಗಾರದಲ್ಲಿ ಸಾರ್. ಇಪ್ಪತ್ತೆರಡು ವರ್ಷ ಕೊಯ್ದಿದೀನಿ.”

ಎದುರಿಗೇ ಹೆಣ ಮಲಗಿತ್ತು. ಅದರ ಮೇಲೆ ಅವರೆಲ್ಲರ ಕೈಗಳಿದ್ದವು. ಆದರೂ ಅವರು ಹಿಂದೆ ಸರಿದದ್ದು ನನ್ನಿಂದ.

ಮರುದಿನದಿಂದ ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ. ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚು ಖಾಲಿ. ದಪ್ಪ ಕನ್ನಡಕದ ಒಬ್ಬ ಹುಡುಗಿ ಮಾತ್ರ ಆಗೀಗ ಬಂದು, “ಆಂಟಿ, ಇದು ನರಾನಾ ರಕ್ತನಾಳಾನಾ?” ಎಂದು ಕೇಳಿ, ಉತ್ತರ ಬರೆದುಕೊಂಡು, ಯಾರಾದರೂ ನೋಡಿದರೇ ಎಂದು ತಿರುಗಿ ನೋಡಿ ಹೋಗುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಅಷ್ಟು ಧೈರ್ಯವೇ ಹೆಚ್ಚು.

ಎರಡನೇ ತಿಂಗಳು. ಪಾಠ ನಡೆಯುತ್ತಿತ್ತು. ಬಾಗಿಲು ಡಾಕ್ಟರು ತರಗತಿಯ ಬಾಗಿಲಿಗೆ ಬಂದು ನಿಂತರು. ಮೇಷ್ಟರು ಮಾತು ನಿಲ್ಲಿಸಿದರು.

“ಬಾರಮ್ಮ. ಹೊಸಬ ಇವತ್ತೂ ಬಂದಿಲ್ಲ. ಎರಡು ಕೇಸು ಬಿದ್ದಿದೆ. ಅರ್ಧ ಗಂಟೆ ಕೆಲಸ.”

ನೂರೈವತ್ತು ತಲೆಗಳು ನನ್ನ ಕಡೆ ತಿರುಗಿದವು. ಬರುವುದಿಲ್ಲ ಎನ್ನಬೇಕಿತ್ತು. ಬಾಯಿ ತೆರೆಯುವ ಮೊದಲೇ ಕಾಲು ಎದ್ದಿತ್ತು. ಇಪ್ಪತ್ತೆರಡು ವರ್ಷ ಆ ದನಿಗೆ ಎದ್ದ ಕಾಲು ಅದು. ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಅವರ ಹಿಂದೆ ನಡೆದೆ. ಕೊಯ್ದೆ. ಅವರು ಕೂಗಿದರು, ನಾನು ಹೇಳಿದೆ, ಅವರು ಬರೆದರು. ಕೈ ತೊಳೆದು ವಾಪಸ್ಸು ಬಂದಾಗ ಪಾಠ ಮುಗಿಯುತ್ತಾ ಬಂದಿತ್ತು. ಮುಂದಿನ ಸಾಲಿನ ಹುಡುಗರು ಮೂಗಿಗೆ ಕೈ ಇಟ್ಟುಕೊಂಡರು. ಯಾರೋ ಹಿಂದಿನಿಂದ, “ಪಾರ್ಟ್ ಟೈಮ್ ಡಾಕ್ಟರು” ಎಂದರು. ನಗು ಎದ್ದಿತು. ಮೇಷ್ಟರೂ ತುಟಿ ಬಿಗಿಹಿಡಿದರು.

ಅವಮಾನ ಅವರು ಮಾಡಿದ್ದಲ್ಲ, ನಾನು ಎದ್ದು ಹೋಗಿದ್ದು. ಅದನ್ನು ಯೋಚಿಸುತ್ತಾ ಆ ವಾರ ಕಳೆದೆ.

ಮುಂದಿನ ವಾರ ಕತ್ತಿನ ಪಾಠ. ಪಾಠ ಮಾಡಿದ ಮೇಡಮ್ ಒಂದು ಸಣ್ಣ ಮೂಳೆಯನ್ನು ಬೆರಳಲ್ಲಿ ಹಿಡಿದು ತೋರಿಸಿದರು. ಕುದುರೆಯ ಲಾಳದ ಆಕಾರ. “ನಾಲಿಗೆಯ ಬುಡದಲ್ಲಿರುತ್ತೆ. ದೇಹದಲ್ಲಿ ಬೇರೆ ಯಾವ ಮೂಳೆಗೂ ಇದು ಅಂಟಿಕೊಂಡಿಲ್ಲ. ಒಂಟಿ. ಕೈಯಿಂದ ಕತ್ತು ಹಿಸುಕಿದಾಗ ಇದು ಮುರಿಯಬಹುದು. ಆದರೆ ಇದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಚರ್ಮದ ಮೇಲೆ ಬೆರಳಿನ ಗುರುತು, ಒಳಗೆ ಕಟ್ಟಿದ ರಕ್ತ, ಎಲ್ಲಾ ಸೇರಿಸಿ ನೋಡಬೇಕು.”

ಮೂಳೆ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಮುಟ್ಟಿದೆ. ನನ್ನ ಬೆರಳಿಗೆ ಅದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಎಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಒಂದು ಹೆಣ ಬಂತು. ಹೆಣ್ಣು, ಇಪ್ಪತ್ತೇಳು ವರ್ಷ. ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದವಳು. ನೇಣು ಹಾಕಿಕೊಂಡಳು ಎಂದು ಪೊಲೀಸರ ಚೀಟಿ. ಸಾಬೂನು ನೀರಿಗೆ ಅವಳ ಅಂಗೈ ಸೀಳಿತ್ತು. ಕತ್ತಿನ ಒಂದು ಪಕ್ಕ ನಾಲ್ಕು ಗುರುತು, ಇನ್ನೊಂದು ಪಕ್ಕ ಒಂದು. ನನ್ನ ಕೈಯನ್ನು ಅದರ ಮೇಲೆ ಇಟ್ಟು ನೋಡಿದೆ. ನನ್ನದಕ್ಕಿಂತ ದೊಡ್ಡ ಕೈ.

“ಸಾರ್, ಬೆರಳಿನ ಗುರುತಿದೆ” ಎಂದೆ.

“ಹಗ್ಗದ ಗುರುತಿದೆಯಾ?” ಎಂದರು ಬಾಗಿಲಿನಿಂದ.

“ಇದೆ. ಆದ್ರೆ ಅದರ ಕೆಳಗೆ ರಕ್ತ ಕಟ್ಟಿಲ್ಲ ಸಾರ್. ಸತ್ತ ಮೇಲೆ...”

“ಇದೆಯಾ ಇಲ್ವಾ, ಅಷ್ಟು ಹೇಳು.”

“ಇದೆ ಸಾರ್.”

ಬರೆದರು.

“ಒಳಗೆ ಏನೋ ಮುರಿದಿದೆ ಸಾರ್. ಸಣ್ಣದು. ಬೆರಳಿಗೆ ಸಿಗ್ತಿದೆ.”

“ನೋಡು, ನೀನು ಕೊಯ್ಯೋಳು. ಬರೆಯೋನು ನಾನು. ಹೊಲಿ.”

ಹೊಲಿದೆ. ತೊಳೆದೆ. ಕೂದಲು ಬಾಚಿದೆ. ಹೊರಗೆ ಒಂದು ಕಾರು ನಿಂತಿತ್ತು. ಅದರಲ್ಲಿ ಆ ಮನೆಯ ಯಜಮಾನ ಕೂತಿದ್ದ. ಬಾಗಿಲು ಡಾಕ್ಟರು ಹೋಗಿ ಕಿಟಕಿಗೆ ಬಗ್ಗಿ ಮಾತಾಡಿದರು. ಮೆಟ್ಟಿಲ ಹತ್ತಿರ ಅವಳ ತಾಯಿ ಇದ್ದಳು, ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನಾನು ಹೆಣ ಒಪ್ಪಿಸಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು. ನನ್ನ ಕೈಯನ್ನು ಯಾರೂ ಹಿಡಿಯುವುದಿಲ್ಲ. ಅವಳು ಹಿಡಿದಳು.

“ನೀನೇ ಅಲ್ವಾ ತಾಯಿ ಒಳಗಿದ್ದೋಳು? ನನ್ನ ಮಗಳಿಗೆ ಏನಾಯ್ತು?”

“ಡಾಕ್ಟರನ್ನ ಕೇಳಿ” ಎಂದೆ.

ಅಷ್ಟೇ ಎಂದೆ. ಕೈ ಬಿಡಿಸಿಕೊಂಡು ಒಳಗೆ ಹೋದೆ. ಕೆಲಸ ಹೋದರೆ ಮನೆಯ ಒಲೆ ಹಚ್ಚಲು ಸೌದೆಯಿಲ್ಲ ಎಂಬ ಭಯ. ಭಯಕ್ಕೆ ನೂರು ಕಾರಣ ಹೇಳಬಹುದು. ಹೆಣಕ್ಕೆ ಒಂದೂ ಬೇಡ. ಈ ಓದಿಗೆ ಯಾಕೆ ಬಿದ್ದೆ ಎಂದು ಯಾರು ಕೇಳಿದರೂ ನಾನು ನಿಜ ಹೇಳಿರಲಿಲ್ಲ. ಬರೆಯುವ ಕೈ ನನ್ನದಾಗಬೇಕಿತ್ತು. ಅದೇ ನಿಜ.

ಆ ಪಾಠದ ದಿನದಿಂದ ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಆ ಸತ್ತವಳು ಬಂದು ಕೂರತೊಡಗಿದಳು.

ಹಾಡಹಗಲಲ್ಲಿ. ಹನ್ನೊಂದು ಗಂಟೆಯ ಬೆಳಕಿನಲ್ಲಿ. ಮಾತಿಲ್ಲ. ಗದ್ದ ಸ್ವಲ್ಪ ಮೇಲೆತ್ತಿಕೊಂಡು, ನಾನು ಮೇಜಿನ ಮೇಲೆ ಹೇಗೆ ಇಟ್ಟಿದ್ದೆನೋ ಹಾಗೆ. ಕೂದಲು ನಾನು ಬಾಚಿದ ಹಾಗೇ ಇತ್ತು. ನಾನು ಬರೆಯುವುದನ್ನು ನೋಡುತ್ತಿದ್ದಳು. ಭಯವಾಗಲಿಲ್ಲ. ಹೆಣಕ್ಕೆ ಹೆದರುವ ಕಾಲ ನನಗೆ ಯಾವಾಗಲೋ ಮುಗಿದಿತ್ತು. ನಾಚಿಕೆಯಾಗುತ್ತಿತ್ತು. ಒಂದು ದಿನ ಕನ್ನಡಕದ ಹುಡುಗಿ ಧೈರ್ಯ ಮಾಡಿ ಬಂದು, “ಇಲ್ಲಿ ಯಾರಾದ್ರೂ ಇದಾರಾ ಆಂಟಿ?” ಎಂದಳು. “ಇದಾರೆ” ಎಂದುಬಿಟ್ಟೆ. ಪಾಪ, ಅವಳ ಮುಖ ಸಣ್ಣದಾಯಿತು.

ಬಾಗಿಲು ಡಾಕ್ಟರು ಎರಡನೇ ಸಲ ಬಂದಾಗ ಒಂದು ತಿಂಗಳು ಕಳೆದಿತ್ತು.

“ಬಾರಮ್ಮ” ಎಂದರು. ಈ ಸಲ ಕಾರಣವನ್ನೂ ಹೇಳಲಿಲ್ಲ.

ಎದ್ದೆ. ಕೋಟು ಬಿಚ್ಚಲಿಲ್ಲ. ಹಾಗೇ ನಡೆದೆ. ಶವಾಗಾರದ ಮೇಜಿನ ಮೇಲೆ ಒಬ್ಬ ಕೂಲಿಯವನು, ಕಟ್ಟಡದ ಮೇಲಿಂದ ಬಿದ್ದವನು. ಉಗುರಲ್ಲಿ ಇನ್ನೂ ಸಿಮೆಂಟಿತ್ತು. ಗೋಡೆ ಪಕ್ಕ ಒಬ್ಬ ಪೊಲೀಸು ಪೇದೆ, ಮತ್ತೆ ನನ್ನ ಜೊತೆ ಶವಾಗಾರದಲ್ಲಿ ಕೆಲಸ ಮಾಡಿದ್ದ ಮುದುಕ ಮೀಸೆ ಮಾವ. ಮಾವನಿಗೆ ಕೈ ನಡುಗುತ್ತದೆ, ತೊಳೆಯುವುದಷ್ಟೇ ಈಗ ಅವನ ಕೆಲಸ. ಡಾಕ್ಟರು ಬಾಗಿಲಲ್ಲಿ ನಿಂತು ಕರವಸ್ತ್ರ ತೆಗೆದರು.

“ಶುರು ಮಾಡು.”

“ನೀವು ಮಾಡಿ ಸಾರ್” ಎಂದೆ.

“ಏನು?”

“ನೀವು ಕೊಯ್ಯಿರಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ನಾನು ವಿದ್ಯಾರ್ಥಿ. ಕಲಿಯೋಕೆ ಬಂದಿರೋದು.”

ಮೀಸೆ ಮಾವ ಕೈಯಲ್ಲಿದ್ದ ನೀರಿನ ಪೈಪು ಕೆಳಗೆ ಬಿಟ್ಟ.

“ತಲೆಗಿಲೆ ಕೆಟ್ಟಿದೆಯಾ? ಟೈಮಿಲ್ಲ ನನಗೆ. ಹಿಡಿ ಚಾಕು.”

“ಹಿಡಿಯಲ್ಲ.”

“ನೆನಪಿರಲಿ, ಮುಂದೆ ನೀನು ಪಾಸಾಗಬೇಕಾದ್ದು ನನ್ನ ವಿಷಯದಲ್ಲೂ.”

“ನೆನಪಿದೆ ಸಾರ್. ಬೆರಳಿನ ಗುರುತೂ ನೆನಪಿದೆ. ಒಂದು ಪಕ್ಕ ನಾಲ್ಕು, ಇನ್ನೊಂದು ಪಕ್ಕ ಒಂದು.”

ಅವರಿಗೆ ಗೊತ್ತಾಯಿತು. ಎಂಟು ವರ್ಷವಾದರೂ ಕೇಳಿದ ಕೂಡಲೇ ಗೊತ್ತಾಯಿತು. ಮುಖದ ಬಣ್ಣ ಇಳಿಯುವುದನ್ನು ನಾನು ಬಲ್ಲೆ, ಅದು ನನ್ನ ಕಸುಬು.

ಪೇದೆ ಕೆಮ್ಮಿ, “ಸಾರ್, ಮನೆಯವ್ರು ಹೊರಗೆ ಕಾಯ್ತಿದಾರೆ. ಬೇಗ ಆದ್ರೆ...” ಎಂದ.

ನಾನು ಚಾಕುವನ್ನು ತಟ್ಟೆಯಲ್ಲಿಟ್ಟು ಬಾಗಿಲಿಗೆ ತೆಗೆದುಕೊಂಡು ಹೋಗಿ ಅವರ ಎದುರು ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲೇಬೇಕಾಯಿತು. ಒಳಗೆ ಬಂದರು. ಮೇಜಿನ ಹತ್ತಿರ ನಿಂತರು. ಗದ್ದದ ಕೆಳಗೆ ಚಾಕು ಇಟ್ಟರು. ಕೈ ಎಷ್ಟು ನಡುಗಿತೆಂದರೆ ಮೀಸೆ ಮಾವನೇ ವಾಸಿ. ಎರಡು ಬೆರಳಗಲ ಕೊಯ್ದು ಹೊರಗೆ ಓಡಿದರು. ತೊಟ್ಟಿಯ ಹತ್ತಿರ ವಾಂತಿ ಮಾಡಿಕೊಂಡ ಸದ್ದು ಕೇಳಿತು. ಕಡೆಗೆ ಒಬ್ಬ ಕಿರಿಯ ಡಾಕ್ಟರನ್ನು ಕರೆಸಿದರು. ಆ ಹುಡುಗನಿಗೆ ನಾನು ಎಲ್ಲಿ ಹೇಗೆ ಎಂದು ಬಾಯಲ್ಲಿ ಹೇಳಿದೆ. ಅವನೇ ಕೊಯ್ದ, ಅವನೇ ನೋಡಿದ, ಅವನೇ ಬರೆದ. ಅದು ಹಾಗೇ ಆಗಬೇಕಾದ ಕೆಲಸ.

ಮೂರನೇ ದಿನಕ್ಕೆ ನೋಟಿಸು ಬಂತು. ಹಿರಿಯ ಅಧ್ಯಾಪಕರ ಆಜ್ಞೆ ಮೀರಿದ್ದು, ಸಾರ್ವಜನಿಕರ ಎದುರು ಅವಮಾನಿಸಿದ್ದು. ಸೋಮವಾರ ಹತ್ತು ಗಂಟೆಗೆ ಸಮಿತಿಯ ಮುಂದೆ ಬಂದು ಲಿಖಿತ ಕ್ಷಮೆ ಕೇಳತಕ್ಕದ್ದು. ಇಲ್ಲದಿದ್ದರೆ ಅಮಾನತು.

ಅಮ್ಮ ಒದ್ದೆ ಸೆರಗಲ್ಲಿ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ನೀರಲ್ಲಿ ನೆನೆದು ಅವಳ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು.

“ಕ್ಷಮೆ ಕೇಳಿಬಿಡೇ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದ್ರೂ ಹೊರಳುತ್ತೆ. ಕೇಳಿದ್ರೆ ಸವೆದುಹೋಗುತ್ತಾ?”

“ಅಮ್ಮ, ಒಂದು ವಿಷಯ ನಿನಗೆ ಹೇಳಿಲ್ಲ” ಎಂದೆ. ಹೇಳಿದೆ. ಮೊದಲ ಸಲ ಒಬ್ಬರ ಮುಂದೆ ಬಾಯಿ ಬಿಟ್ಟೆ.

ಅಮ್ಮ ನೋಟಿಸನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, “ಆ ತಾಯಿ ಇನ್ನೂ ಇದಾಳಾ?” ಎಂದಳು.

“ಗೊತ್ತಿಲ್ಲ.”

“ಮೊದಲು ಅದನ್ನ ಗೊತ್ತು ಮಾಡ್ಕೋ. ಸಮಿತಿಗಿಮಿತಿ ಆಮೇಲೆ.”

ಮೀಸೆ ಮಾವ ಹಳೆ ರಿಜಿಸ್ಟರು ಹುಡುಕಿ ವಿಳಾಸ ತೆಗೆದುಕೊಟ್ಟ. ಶನಿವಾರ ಮಧ್ಯಾಹ್ನ ಹೋದೆ. ಎರಡು ಕಟ್ಟಡದ ಸಂದಿಯಲ್ಲಿ ತಗಡು ಮಾಡಿನ ಇಸ್ತ್ರಿ ಅಂಗಡಿ. ಬೇರೆಯವರ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಅವಳು ಬಗ್ಗಿ ಇಸ್ತ್ರಿ ತಿಕ್ಕುತ್ತಿದ್ದಳು. ಬಲ ಭುಜ ಎಡಕ್ಕಿಂತ ಕೆಳಗಿಳಿದಿತ್ತು. ನಾನು ಯಾರು, ಈಗ ಎಲ್ಲಿ ಓದುತ್ತಿದ್ದೇನೆ, ಸೋಮವಾರ ಸಮಿತಿ ಯಾಕೆ ಕರೆದಿದೆ ಎಂದು ಹೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಏನು ನೋಡಿದೆ ಎಂದು ಹೇಳಿದೆ. ಆಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟಳು.

ಅಳುತ್ತಾಳೆ ಎಂದುಕೊಂಡಿದ್ದೆ. ನಾನು ನಾಚಿಕೆ ಬಿಟ್ಟು ಹೇಳಿದರೆ ಮತ್ತೆ ನನ್ನ ಕೈ ಹಿಡಿಯುತ್ತಾಳೆ ಎಂದೂ ಅಂದುಕೊಂಡಿದ್ದೆ. ಅವಳು ಬಂದು ನನ್ನ ಕೆನ್ನೆಗೆ ಹೊಡೆದಳು. ಕಿವಿ ಗುಂಯ್ ಎಂದಿತು.

“ಎಂಟು ವರ್ಷ!” ಎಂದಳು. “ಎಂಟು ವರ್ಷ ನನ್ನ ಮಗಳನ್ನ ನಾನೇ ಬೈದಿದೀನಿ. ಯಾಕೇ ನೇಣು ಹಾಕ್ಕೊಂಡೆ, ಮನೆಗೆ ಬರಬಾರ್ದಿತ್ತಾ, ನನಗೊಂದು ಮಾತು ಹೇಳಬಾರ್ದಿತ್ತಾ, ಮುಂಡೇದೇ ಅಂತ ಸತ್ತೋಳನ್ನ ದಿನಾ ಬೈದಿದೀನಿ. ಆ ಬೈಗಳನ್ನೆಲ್ಲ ಈಗ ಹೇಗೆ ವಾಪಸ್ ತಗೊಳ್ಲಿ? ಹೇಳು, ಓದ್ತಿದೀಯಲ್ಲ, ಹೇಳು!”

ಅವಳು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು.

“ಹೋಗು. ನನ್ನ ಕಣ್ಣೆದುರು ನಿಲ್ಲಬೇಡ.”

ಬಂದೆ. ಭಾನುವಾರ ಕೂತು ಬರೆದೆ. ಕ್ಷಮಾಪಣೆ ಪತ್ರ ಎಂದು ಮೇಲೆ ಬರೆದು, ಹೊಡೆದು ಹಾಕಿ, ‘ನಾನು ಕಣ್ಣಾರೆ ಕಂಡದ್ದು’ ಎಂದು ಬರೆದೆ. ತಾರೀಖು, ಹೊತ್ತು, ಕತ್ತಿನ ಎಡ, ಬಲ, ಹಗ್ಗದ ಗುರುತಿನ ಅಗಲ, ಅದರ ಕೆಳಗೆ ರಕ್ತ ಕಟ್ಟದಿದ್ದದ್ದು, ಮುರಿದ ಮೂಳೆ. ಈಗ ಪ್ರತಿಯೊಂದಕ್ಕೂ ಹೆಸರು ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಬರೆದೆ. ಕೆಳಗೆ ಸಹಿ ಹಾಕಿದೆ.

ಸೋಮವಾರ ಒಂಬತ್ತೂವರೆಗೆ ಸಮಿತಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕಾರಿಡಾರಿನ ಆ ತುದಿಯಿಂದ ಇಸ್ತ್ರಿ ಅಂಗಡಿಯ ತಾಯಿ ನಡೆದು ಬಂದಳು. ಕಾವಲುಗಾರ, “ಏಯ್, ಏಯ್, ಎಲ್ಲಿಗೆ?” ಎಂದು ಹಿಂದೆ ಓಡಿ ಬರುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ರಾತ್ರಿ ನಿದ್ದೆ ಮಾಡದ ಕಣ್ಣು.

“ಅದೇನದು ಕೈಯಲ್ಲಿ?”

“ಬರೆದಿದೀನಿ. ಎಲ್ಲಾ.”

“ಯಾರಿಗೆ ಕೊಡ್ತೀಯ? ಆ ಡಾಕ್ಟರ ಜೊತೆ ಕಾಫಿ ಕುಡಿಯೋರಿಗಾ?” ಎಂದಳು. “ನನಗೆ ಓದಕ್ಕೆ ಬರಲ್ಲ. ನೀನು ಬಾಯಲ್ಲಿ ಹೇಳು. ನನಗಲ್ಲ, ಅಲ್ಲಿ ಬಂದು ಹೇಳು. ಸ್ಟೇಷನ್ನಲ್ಲಿ ತಗೊಳ್ಳದೆ ಇದ್ರೆ ಕೋರ್ಟಲ್ಲಿ. ಏಳು.”

“ಹತ್ತು ಗಂಟೆಗೆ ಇವರು ಕರೀತಾರೆ. ಹೋಗದೆ ಇದ್ರೆ ನನ್ನ ಓದು...”

ಅವಳು ನಿಂತೇ ಇದ್ದಳು. ಬಾ ಎಂದೂ ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಒಳಗಿನಿಂದ ಜವಾನ ಬಂದು, “ನಲವತ್ತೇಳನೇ ನಂಬರು!” ಎಂದು ಕೂಗಿದ. ಅದು ನನ್ನ ನಂಬರು. ಇನ್ನೊಂದು ಸಲ ಕೂಗಿದ. ಬಾಗಿಲ ಸಂದಿಯಲ್ಲಿ ಉದ್ದ ಮೇಜು, ನೀರಿನ ಲೋಟಗಳು, ತುದಿಯಲ್ಲಿ ಬಾಗಿಲು ಡಾಕ್ಟರು ಕಂಡರು.

ಕಾಲು ಎದ್ದಿತು. ಈ ಸಲ ನಾನು ಹೇಳಿದ ಕಡೆಗೆ ನಡೆಯಿತು. ಇಬ್ಬರೂ ಮುಂದಿನ ಗೇಟಿನಿಂದ ಹೊರಗೆ ಬಂದೆವು.

ಸ್ಟೇಷನ್ನಿನಲ್ಲಿ ನಮ್ಮನ್ನು ಆರು ಗಂಟೆ ಕೂರಿಸಿದರು. ಹೇಳಿಕೆ ತೆಗೆದುಕೊಳ್ಳಲಿಲ್ಲ. ಮರುದಿನವೂ ಹೋದೆವು. ಅಮ್ಮನೂ ಬಂದಳು. ಬಟ್ಟೆ ಒಗೆಯುವವರು ಹನ್ನೊಂದು ಜನ ಬಂದರು. ಮೀಸೆ ಮಾವ ರಿಜಿಸ್ಟರಿನ ಪುಟದ ನಕಲು ತಂದ. ಐದನೇ ದಿನ ಬರೆದುಕೊಂಡರು. ಅಷ್ಟರಲ್ಲಿ ನನ್ನನ್ನು ಅಮಾನತು ಮಾಡಿದ್ದರು. ಆಮೇಲೆ ಅಮಾನತು ತೆಗೆದರೂ ಹಾಜರಿ ಸಾಲದೆ ಆ ವರ್ಷ ಹೋಯಿತು. ಈಗ ಮತ್ತೆ ಮೊದಲ ವರ್ಷದಲ್ಲಿದ್ದೇನೆ, ಹೊಸ ಮಕ್ಕಳ ಜೊತೆ. ಕನ್ನಡಕದ ಹುಡುಗಿ ಮುಂದಿನ ತರಗತಿಗೆ ಹೋದಳು. ಹೋಗುವಾಗ ತನ್ನ ನೋಟ್ಸನ್ನೆಲ್ಲ ಎಲ್ಲರ ಎದುರೇ ನನ್ನ ಕೈಗೆ ಕೊಟ್ಟಳು.

ಹದಿನಾಲ್ಕು ತಿಂಗಳ ಮೇಲೆ ವಿಚಾರಣೆ ಶುರುವಾಯಿತು. ಹೂತಿದ್ದ ಮೂಳೆಗಳನ್ನು ತೆಗೆಸಿ ಬೇರೆ ಕಡೆ ಕಳಿಸಿದ್ದಾರೆ, ವರದಿ ಇನ್ನೂ ಬಂದಿಲ್ಲ. ಏನಾಗುತ್ತದೋ ನನಗೆ ಗೊತ್ತಿಲ್ಲ. ಕಳೆದ ವಾರ ನನ್ನ ಸಾಕ್ಷಿ ಇತ್ತು.

ಯಜಮಾನನ ವಕೀಲ ನಗುತ್ತಲೇ ಕೇಳಿದ. “ನೀವು ಡಾಕ್ಟರಾ?”

“ಅಲ್ಲ.”

“ಒಂದು ವರ್ಷವಾದ್ರೂ ಪಾಸಾಗಿದೀರಾ?”

“ಇಲ್ಲ.”

“ಮತ್ತೆ ಯಾವ ಅರ್ಹತೆಯಿಂದ ಇಷ್ಟೆಲ್ಲ ಹೇಳ್ತಿದೀರಿ?”

“ಅವಳನ್ನ ಕೊಯ್ದಿದ್ದು ನಾನು. ಈ ಸಾರ್ ಒಳಗೆ ಬರಲೇ ಇಲ್ಲ. ಬಾಗಿಲಲ್ಲಿ ನಿಂತಿದ್ರು.”

ಬಾಗಿಲು ಡಾಕ್ಟರು ಎದ್ದು, ಶವಪರೀಕ್ಷೆಯನ್ನು ತಾವೇ ಮಾಡಿದ್ದಾಗಿ, ಈಕೆ ತೊಳೆಯಲು ಇದ್ದ ಹೆಂಗಸೆಂದು ಹೇಳಿದರು. ನ್ಯಾಯಾಧೀಶರು ನನ್ನ ಕಡೆ ನೋಡಿದರು. “ಅವರು ಬಾಗಿಲಲ್ಲೇ ಇದ್ರು ಅನ್ನೋದಕ್ಕೆ ಬೇರೆ ಯಾರಾದ್ರೂ ಸಾಕ್ಷಿ ಇದಾರಾ?”

ಮೀಸೆ ಮಾವ ಆವತ್ತು ರಜೆಯಲ್ಲಿದ್ದ; ಒಳಗೆ ಇದ್ದದ್ದು ನಾನು, ಮತ್ತು ಮೇಜಿನ ಮೇಲೆ ಅವಳು.

“ನಾನಿದೀನಿ” ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ.

ಇಸ್ತ್ರಿ ಅಂಗಡಿಯ ಆ ತಾಯಿ ಎದ್ದು ನಿಂತಿದ್ದಳು. ಅವಳನ್ನು ಕೂರಿಸಲು ಜವಾನ ಕೈ ಬೀಸಿದ. ಅವಳು ಕೂರಲಿಲ್ಲ.

“ನಾನು ಆವತ್ತು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ ಸ್ವಾಮಿ. ಎರಡು ಗಂಟೆ. ಬಾಗಿಲ ಒಳಗೆ ಇಣುಕಿ ಮಗಳ ಕಾಲಾದ್ರೂ ಕಾಣುತ್ತಾ ಅಂತ ನೋಡ್ತಾನೇ ಇದ್ದೆ. ಕಾಣಲಿಲ್ಲ. ಇವರ ಬೆನ್ನು ಅಡ್ಡ ಇತ್ತು. ಎರಡು ಗಂಟೆ ಇವರ ಬೆನ್ನನ್ನೇ ನೋಡಿದೀನಿ. ಅದು ಅಲ್ಲಾಡಲೇ ಇಲ್ಲ.”

ವಕೀಲ ಏನೋ ಹೇಳಲು ಎದ್ದ. ನ್ಯಾಯಾಧೀಶರು ಕೈಯೆತ್ತಿ ಅವನನ್ನು ತಡೆದರು. ಅವಳನ್ನು ಮುಂದೆ ಬರಲು ಹೇಳಿದರು. ಇಳಿದ ಭುಜದ ಆ ಹೆಂಗಸು ಬೆಂಚುಗಳ ನಡುವೆ ದಾರಿ ಮಾಡಿಕೊಂಡು ನಡೆದು ಬಂದಳು. ನಾನು ಕಟಕಟೆಯಿಂದ ಇಳಿದು ಅವಳಿಗೆ ಜಾಗ ಬಿಟ್ಟೆ.